ಹೇಳಿದ ಮಾತು ಕೇಳಿದವನು: ರುಡಾಲ್ಫ್ ಹೋಸ್‌ನ ಬದುಕಿನಿಂದ ಒಂದು ಪಾಠ



ಮೀನಾ ಅಬ್ದುಲ್ಲಾದ ಮಕ್ಕಳಿಗೆ ‘ಕ್ಯಾಂಪ್’ ಎಂಬ ಪದವನ್ನು ಯಾರೂ ಕಲಿಸಬೇಕಾಗಿಲ್ಲ. ರಿಫೈನರಿಯಲ್ಲಿ, ಸುತ್ತಲಿನ ಕಾರ್ಖಾನೆ ಮತ್ತು ಗೋದಾಮುಗಳಲ್ಲಿ ದುಡಿಯುವ ನಮ್ಮ ಊರಿನವರು ಇರುವ ಸಾಲು ಕೋಣೆಗಳಿಗೆ ಇಲ್ಲಿ ಕ್ಯಾಂಪ್ ಎನ್ನುತ್ತೇವೆ. ‘ಚಿಕ್ಕಪ್ಪ ಕ್ಯಾಂಪಿಗೆ ಹೋದರು’ ಎಂದರೆ ಕೆಲಸ ಮುಗಿಸಿ, ಸ್ನಾನ ಮಾಡಿ, ಅನ್ನಕ್ಕಿಟ್ಟಿರುತ್ತಾರೆ ಎಂದು ಅರ್ಥ. ಆದ್ದರಿಂದ ಒಂಬತ್ತನೆಯ ತರಗತಿಯಲ್ಲಿ ಹಿಟ್ಲರನ ಜರ್ಮನಿಯ ವಿಷಯ ಮಾತನಾಡುವಾಗ ‘ಕಾನ್ಸಂಟ್ರೇಷನ್ ಕ್ಯಾಂಪ್’ ಎಂಬ ಪದ ಬಂದಾಗ ನಾವು ಸ್ವಲ್ಪ ನಿಲ್ಲಬೇಕಾಯಿತು. ಇದು ಬೇರೆ ಕ್ಯಾಂಪ್, ಕನ್ನಡದಲ್ಲಿ ಇದನ್ನು ಯಾತನಾ ಶಿಬಿರ ಎನ್ನುತ್ತಾರೆ ಎಂದು ವಿವರಿಸಿದೆವು.

ಒಬ್ಬ ಹುಡುಗಿ ಕೇಳಿದಳು: “ಅದನ್ನು ನಡೆಸಿದವನಿಗೆ ಹೆಂಡತಿ ಮಕ್ಕಳು ಇರಲಿಲ್ಲವಾ ಮೇಡಂ?” ಇದ್ದರು, ಐದು ಮಕ್ಕಳಿದ್ದರು ಎಂದೆವು. ಹಾಗಾದರೆ ಹೇಗೆ ಮಾಡಿದ ಎಂದು ಕೇಳಿದಳು. ಮೇಲಿನವರು ಹೇಳಿದರು, ಅವನು ಮಾಡಿದ ಎಂದೆವು. ಆಗ ಹಿಂದಿನ ಬೆಂಚಿನಿಂದ ಇನ್ನೊಂದು ದನಿ ಬಂತು: “ದೊಡ್ಡವರು ಹೇಳಿದ ಹಾಗೆ ಕೇಳಬೇಕು ಅಂತ ನೀವೇ ಹೇಳ್ತೀರಲ್ಲ ಮೇಡಂ?”

ತರಗತಿ ನಕ್ಕಿತು. ನಮಗೆ ನಗು ಬರಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು. ಅಂದು ಕೊಡಲಾಗದ ಉತ್ತರವನ್ನು ಈ ಲೇಖನದಲ್ಲಿ ಕೊಡಲು ಪ್ರಯತ್ನಿಸುತ್ತೇವೆ.

ಯಾತನಾ ಶಿಬಿರ ಎಂದರೇನು?

ನ್ಯಾಯಾಲಯದಲ್ಲಿ ವಿಚಾರಣೆಯಿಲ್ಲದೆ, ಅಪರಾಧ ಸಾಬೀತಾಗದೆ, ಜನರನ್ನು ಗುಂಪು ಗುಂಪಾಗಿ ಕೂಡಿಹಾಕುವ ಜಾಗವೇ ಇದು. ಹಿಟ್ಲರನಿಗಿಂತ ಮೊದಲೂ ಇಂಥವು ಇದ್ದವು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಬ್ರಿಟಿಷರು ಹೆಂಗಸರನ್ನೂ ಮಕ್ಕಳನ್ನೂ ಹೀಗೆ ಕೂಡಿಹಾಕಿದ್ದರಿಂದ ಸಾವಿರಾರು ಮಂದಿ ರೋಗರುಜಿನಗಳಿಂದ ಸತ್ತರು. ಹಿಟ್ಲರ್ ಅಧಿಕಾರಕ್ಕೆ ಬಂದ ಎರಡು ತಿಂಗಳೊಳಗೆ, 1933ರ ಮಾರ್ಚ್‌ನಲ್ಲಿ, ಮ್ಯೂನಿಕ್ ನಗರದ ಬಳಿ ದಾಖಾವ್ ಎಂಬಲ್ಲಿ ಶಿಬಿರ ತೆರೆಯಿತು. ಮೊದಲು ರಾಜಕೀಯ ವಿರೋಧಿಗಳನ್ನು ಹಾಕಿದರು. ಮುಂದೆ ಯೆಹೂದ್ಯರು, ರೋಮಾ ಜನ, ಯುದ್ಧಕೈದಿಗಳು ಎಲ್ಲರಿಗೂ ಶಿಬಿರಗಳಾದವು. ಯುದ್ಧಕಾಲದಲ್ಲಿ ಕೆಲವು ಶಿಬಿರಗಳು ಕೊಲ್ಲುವುದಕ್ಕೆಂದೇ ನಡೆಯುವ ಕಾರ್ಖಾನೆಗಳಾದವು. ಅವುಗಳಲ್ಲಿ ಅತಿ ದೊಡ್ಡದು ಜರ್ಮನಿ ಆಕ್ರಮಿಸಿದ್ದ ಪೋಲೆಂಡಿನ ಔಶ್ವಿಟ್ಜ್. ಅದರ ಮೊದಲ ಕಮಾಂಡೆಂಟ್ ರುಡಾಲ್ಫ್ ಹೋಸ್. ಪಕ್ಷದಲ್ಲಿ ಹಿಟ್ಲರನ ಉಪನಾಯಕನಾಗಿದ್ದ ರುಡಾಲ್ಫ್ ಹೆಸ್ ಬೇರೆ ವ್ಯಕ್ತಿ. ಪರೀಕ್ಷೆಯಲ್ಲಿ ಇಬ್ಬರನ್ನೂ ಬೆರೆಸಬೇಡಿ!

ವಿಧೇಯ ಹುಡುಗ

ಹೋಸ್ ಹುಟ್ಟಿದ್ದು 1901ರ ನವೆಂಬರ್ 25ರಂದು, ಜರ್ಮನಿಯ ಬಾಡೆನ್-ಬಾಡೆನ್ ಪಟ್ಟಣದಲ್ಲಿ. ತಂದೆ ಮಾಜಿ ಸೈನಿಕ, ಬಹಳ ದೈವಭಕ್ತ. ಮಗ ಪಾದ್ರಿಯಾಗಬೇಕೆಂಬುದು ಆತನ ಆಸೆ. ಹೋಸ್ ಮುಂದೆ ಜೈಲಿನಲ್ಲಿ ತನ್ನ ಬದುಕಿನ ಕಥೆಯನ್ನು ಬರೆದ. ಅದರಲ್ಲಿ ಬಾಲ್ಯದ ವಿಷಯ ಹೀಗಿದೆ: ತಂದೆ ತಾಯಿ, ಉಪಾಧ್ಯಾಯರು, ಪಾದ್ರಿಗಳು, ಮನೆಯ ಆಳುಗಳು ಸಹ ಏನು ಹೇಳಿದರೂ ತಕ್ಷಣ ಮಾಡಬೇಕು, ದೊಡ್ಡವರು ಹೇಳಿದ್ದು ಯಾವಾಗಲೂ ಸರಿ ಎಂದು ಅವನಿಗೆ ಕಲಿಸಿದ್ದರು. ಅವನಿಗೆ ಗೆಳೆಯರು ಕಡಿಮೆ. ಹಾನ್ಸ್ ಎಂಬ ಪುಟ್ಟ ಕುದುರೆಯೇ ಸಂಗಾತಿ. ಮನೆಯಲ್ಲಿ ಯಾರೂ ಇಲ್ಲದಾಗ ಅದನ್ನು ತನ್ನ ಕೋಣೆಗೇ ಕರೆದುಕೊಂಡು ಹೋಗುತ್ತಿದ್ದನಂತೆ.

ನಮ್ಮಲ್ಲಿ ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬ ಗಾದೆಯಿದೆ. ಈ ಹುಡುಗ ಗಿಡವಾಗಿದ್ದಾಗಲೇ ಚೆನ್ನಾಗಿ ಬಗ್ಗಿದ್ದ. ಆದರೆ ಯಾವುದಕ್ಕೆ ಬಗ್ಗಬೇಕು, ಯಾವುದಕ್ಕೆ ಬಗ್ಗಬಾರದು ಎಂಬುದನ್ನು ಅವನಿಗೆ ಯಾರೂ ಕಲಿಸಲಿಲ್ಲ, ಅವನೂ ಕಲಿಯಲಿಲ್ಲ.

ನಮ್ಮ ನೆರೆಯಲ್ಲೇ ಮೊದಲ ಗುಂಡು

ಮೊದಲ ಮಹಾಯುದ್ಧ ಶುರುವಾದ ಹೊತ್ತಿಗೆ ತಂದೆ ತೀರಿಕೊಂಡರು. ಹುಡುಗ ವಯಸ್ಸು ತುಂಬುವ ಮೊದಲೇ, ಮನೆಯವರಿಗೆ ಸುಳ್ಳು ಹೇಳಿ ಸೈನ್ಯ ಸೇರಿದ. ಅವನನ್ನು ಕಳಿಸಿದ್ದು ಎಲ್ಲಿಗೆ ಗೊತ್ತೇ? ತುರ್ಕಿಯ ಸೈನ್ಯಕ್ಕೆ ನೆರವಾಗಲು ಮೆಸಪೊಟೇಮಿಯಕ್ಕೆ, ಅಂದರೆ ಇಂದಿನ ಇರಾಕಿಗೆ. ನಮ್ಮ ಮೀನಾ ಅಬ್ದುಲ್ಲಾದಿಂದ ಉತ್ತರಕ್ಕೆ ಹೊರಟರೆ ಕುವೈತ್ ನಗರ, ಗಡಿ, ಆಮೇಲೆ ಬಸ್ರಾ. ಅಲ್ಲಿಂದ ಟೈಗ್ರಿಸ್ ನದಿಯ ಗುಂಟ ಮೇಲಕ್ಕೆ ಹೋದರೆ ಕೂತ್ ಪಟ್ಟಣ. 1916ರ ಏಪ್ರಿಲ್ 29ರಂದು ತಿಂಗಳುಗಟ್ಟಲೆ ಮುತ್ತಿಗೆಯಲ್ಲಿ ಹಸಿದು ಸೊರಗಿದ್ದ ಸುಮಾರು 13,000 ಮಂದಿ ಅಲ್ಲಿ ತುರ್ಕರಿಗೆ ಶರಣಾಗಿದ್ದರು. ಅವರಲ್ಲಿ ಹೆಚ್ಚಿನವರು ಬ್ರಿಟಿಷರ ಕೈಕೆಳಗೆ ಹೋರಾಡುತ್ತಿದ್ದ ಭಾರತೀಯರು.

ಹೋಸ್ ಈ ರಣರಂಗಕ್ಕೆ ಬಂದದ್ದು ಆ ಬಳಿಕ. ಅವನು ಗುಂಡಿಟ್ಟು ಕೊಂದ ಮೊದಲ ಮನುಷ್ಯ ಒಬ್ಬ ಭಾರತೀಯ ಸಿಪಾಯಿ ಎಂದು ಅವನೇ ಬರೆದುಕೊಂಡಿದ್ದಾನೆ. ಆ ಸಿಪಾಯಿಯ ಹೆಸರು, ಊರು ಯಾವುದೂ ಅವನಿಗೆ ತಿಳಿದಿರಲಿಲ್ಲ. ಅಂದು ಕೈ ನಡುಗಿತ್ತು, ಬಹಳ ಭಯವಾಗಿತ್ತು, ಆಮೇಲೆ ಗುರಿಯಿಡುವುದು ಸುಲಭವಾಯಿತು ಎಂಬ ಅರ್ಥದ ಮಾತುಗಳನ್ನು ಬರೆದಿದ್ದಾನೆ. ಮುಂದೆ ಅವನು ಪ್ಯಾಲೆಸ್ತೀನ್ ರಣರಂಗಕ್ಕೂ ಹೋದ. ಅದೇ ರಣರಂಗದಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆಲ್ಲುವುದರಲ್ಲಿ ಪಾಲುಗೊಂಡರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಮೈಸೂರು, ಜೋಧಪುರ ಮತ್ತು ಹೈದರಾಬಾದ್ ಸವಾರರ ನೆನಪಿಗಾಗಿ ನಿಂತಿವೆ.

ಕೊಲೆ, ಜೈಲು, ಬೇಸಾಯದ ಕನಸು

ಜರ್ಮನಿ ಸೋತಿತು. ಊರಿಗೆ ಮರಳಿದ ಹೋಸ್‌ಗೆ ಯುದ್ಧ ಬಿಟ್ಟು ಬೇರೆ ಕೆಲಸ ಬರುತ್ತಿರಲಿಲ್ಲ. ಆಗ ಜರ್ಮನಿಯಲ್ಲಿ ಹುಟ್ಟಿಕೊಂಡಿದ್ದ ಖಾಸಗಿ ಪಡೆಯೊಂದನ್ನು ಸೇರಿದ. 1922ರಲ್ಲಿ ಹಿಟ್ಲರನ ಪಕ್ಷ ಸೇರಿದ. 1923ರಲ್ಲಿ ವಾಲ್ಟರ್ ಕಾಡೋ ಎಂಬ ಶಾಲಾ ಶಿಕ್ಷಕನನ್ನು, ದ್ರೋಹಿಯೆಂಬ ಸಂಶಯದ ಮೇಲೆ, ಗುಂಪಾಗಿ ಕಾಡಿಗೆ ಒಯ್ದು ಹೊಡೆದು ಕೊಂದವರಲ್ಲಿ ಹೋಸ್ ಕೂಡ ಒಬ್ಬ. ಹತ್ತು ವರ್ಷ ಶಿಕ್ಷೆಯಾಯಿತು. ಜೈಲಿನಲ್ಲಿ ಅವನದು ಬಹಳ ಒಳ್ಳೆಯ ನಡತೆ! ನಿಯಮ ಮೀರಲಿಲ್ಲ, ಕೋಣೆ ಚೊಕ್ಕಟವಾಗಿಟ್ಟಿದ್ದ. 1928ರಲ್ಲಿ ಸಾರ್ವತ್ರಿಕ ಕ್ಷಮಾದಾನದಲ್ಲಿ ಬಿಡುಗಡೆಯಾದ.

ಆಮೇಲಿನ ಐದಾರು ವರ್ಷ ಅವನ ಬದುಕು ಬೇರೆ ದಾರಿ ಹಿಡಿಯಬಹುದಿತ್ತು. ಹಳ್ಳಿಗೆ ಮರಳಿ ಹೊಲ ಉಳಬೇಕೆನ್ನುವ ಯುವಕರ ಸಂಘ ಸೇರಿದ. 1929ರಲ್ಲಿ ಹೆಡ್ವಿಗ್ ಎಂಬಾಕೆಯನ್ನು ಮದುವೆಯಾದ. ಸ್ವಂತ ಜಮೀನು ಮಾಡುವುದು ಇಬ್ಬರ ಕನಸು. ಆದರೆ 1934ರಲ್ಲಿ ಎಸ್.ಎಸ್. ಪಡೆಯ ಮುಖ್ಯಸ್ಥ ಹಿಮ್ಲರ್ ಕರೆದಾಗ ಹೊಲ ಬಿಟ್ಟು ಹೊರಟ. ಅದೇ ವರ್ಷದ ಕೊನೆಯಲ್ಲಿ ದಾಖಾವ್ ಶಿಬಿರದಲ್ಲಿ ಕೆಲಸಕ್ಕೆ ನಿಂತ.

ದಾಖಾವ್‌ನಲ್ಲಿ ಕಲಿತ ಪಾಠ

ಶಿಬಿರಗಳ ಕಟ್ಟುಪಾಡುಗಳನ್ನು ರೂಪಿಸಿದವನು ಥಿಯೋಡೋರ್ ಐಕೆ ಎಂಬ ಅಧಿಕಾರಿ. ಕೈದಿಗಳ ಮೇಲೆ ಕನಿಕರ ತೋರುವುದು ಎಸ್.ಎಸ್. ಸೈನಿಕನಿಗೆ ಅವಮಾನ ಎಂದು ಅವನು ದಿನವೂ ಬೋಧಿಸುತ್ತಿದ್ದ. ಅಲ್ಲಿ ಕೈದಿಗಳನ್ನು ಎಲ್ಲರೆದುರು ಮರದ ಹಲಗೆಗೆ ಕಟ್ಟಿ ಚಾಟಿಯಿಂದ ಹೊಡೆಯುವ ಶಿಕ್ಷೆಯಿತ್ತು. ಮೊದಲ ಸಲ ಆ ಕೂಗು ಕೇಳಿದಾಗ ತನ್ನ ಮೈ ತಣ್ಣಗಾಯಿತು ಎಂದು ಹೋಸ್ ಬರೆದಿದ್ದಾನೆ.

ಮಕ್ಕಳೇ, ಇಲ್ಲಿ ಗಮನವಿಟ್ಟು ಓದಿ. ಈ ಮನುಷ್ಯನಿಗೆ ಮನಸ್ಸಾಕ್ಷಿ ಇರಲಿಲ್ಲ ಎನ್ನಲಾಗದು. ಅದು ಮಾತನಾಡಿತು, ಅವನಿಗೆ ಕೇಳಿಸಿತು. ಈ ಕೆಲಸ ನನಗೆ ಆಗದು ಎಂದು ಅಂದೇ ಮೇಲಿನವರ ಮುಂದೆ ಹೇಳಬೇಕಿತ್ತು, ಆದರೆ ಮೆದು ಮನಸ್ಸಿನವನೆಂದು ಅನ್ನಿಸಿಕೊಳ್ಳುವ ನಾಚಿಕೆಗೆ ಹೆದರಿ ಹೇಳಲಿಲ್ಲ ಎಂದು ಅವನೇ ಒಪ್ಪಿಕೊಂಡಿದ್ದಾನೆ. ಮುಖ ಗಟ್ಟಿ ಮಾಡಿಕೊಂಡು ನಿಂತ. ಕಠಿಣ ಎನಿಸಿಕೊಂಡ. ಬಡ್ತಿ ಸಿಕ್ಕಿತು. 1938ರಲ್ಲಿ ಸಾಕ್ಸೆನ್‌ಹೌಸೆನ್ ಶಿಬಿರಕ್ಕೆ, 1940ರ ಮೇ ತಿಂಗಳಲ್ಲಿ ಔಶ್ವಿಟ್ಜ್‌ನ ಮುಖ್ಯಸ್ಥನ ಕುರ್ಚಿಗೆ ಬಂದ.

ಔಶ್ವಿಟ್ಜ್

ಔಶ್ವಿಟ್ಜ್ ಎಂಬುದು ಓಶ್ವಿಯೆಂಚಿಮ್ ಎಂಬ ಪೋಲಿಷ್ ಊರಿಗೆ ಜರ್ಮನರು ಕರೆದ ಹೆಸರು. ಹೋಸ್ ಬಂದಾಗ ಅಲ್ಲಿದ್ದದ್ದು ಹಳೆಯ ಸೈನಿಕ ವಸತಿಗಳು. ಅವನು ಅದನ್ನು ಬೆಳೆಸಿದ. ಹೆಬ್ಬಾಗಿಲ ಮೇಲೆ ಕಬ್ಬಿಣದ ಅಕ್ಷರಗಳಲ್ಲಿ ‘ದುಡಿಮೆಯಿಂದ ಬಿಡುಗಡೆ’ ಎಂಬ ಅರ್ಥದ ಜರ್ಮನ್ ಮಾತನ್ನು ಹಾಕಿಸಿದ. ಮೊದಲ ಕೈದಿಗಳು ಹೆಚ್ಚಾಗಿ ಪೋಲೆಂಡಿನವರು. 1941ರಲ್ಲಿ ಸುಮಾರು ಮೂರು ಕಿಲೋಮೀಟರ್ ದೂರದ ಬಿರ್ಕೆನಾವ್‌ನಲ್ಲಿ ಎರಡನೆಯ ದೊಡ್ಡ ಶಿಬಿರ ಕಟ್ಟಲು ಆರಂಭಿಸಿದರು. ಇನ್ನೊಂದು ಬದಿಯಲ್ಲಿ ಮೋನೋವಿಟ್ಜ್ ಎಂಬಲ್ಲಿ ಐ.ಜಿ. ಫಾರ್ಬೆನ್ ಕಂಪನಿಯ ಕೃತಕ ರಬ್ಬರಿನ ಕಾರ್ಖಾನೆಗೆ ಕೈದಿಗಳನ್ನು ದುಡಿಸಲಾಯಿತು.

ಬಟ್ಟೆಯ ಹೇನು ಸಾಯಿಸಲು ಝೈಕ್ಲಾನ್ ಬಿ ಎಂಬ ವಿಷವನ್ನು ಶಿಬಿರದಲ್ಲಿ ಇಟ್ಟುಕೊಂಡಿದ್ದರು. 1941ರಲ್ಲಿ ಅದನ್ನು ಸೋವಿಯತ್ ಯುದ್ಧಕೈದಿಗಳ ಮೇಲೆ, ನೆಲಮಾಳಿಗೆಯ ಕೋಣೆಗಳಲ್ಲಿ ಪ್ರಯೋಗಿಸಲಾಯಿತು. ಇದರಿಂದ ತನಗೆ ಒಂದು ಬಗೆಯ ಸಮಾಧಾನವಾಯಿತು ಎಂದು ಹೋಸ್ ಬರೆದಿದ್ದಾನೆ. ಏಕೆಂದರೆ ಜನರನ್ನು ಗುಂಡಿಕ್ಕಿ ಕೊಂದರೆ ರಕ್ತ ಹರಿಯುತ್ತದೆ, ಕೊಲ್ಲುವವರ ಮನಸ್ಸು ಕೆಡುತ್ತದೆ. ಸಾಯುವವರ ಸಂಕಟ ಅವನ ಲೆಕ್ಕದಲ್ಲಿರಲಿಲ್ಲ.

ಆಮೇಲೆ ಯೂರೋಪಿನ ಉದ್ದಗಲದಿಂದ ರೈಲುಗಳು ಬಂದವು. ಸರಕಿನ ಡಬ್ಬಿಗಳಲ್ಲಿ ತುಂಬಿ ತಂದ ಯೆಹೂದ್ಯ ಕುಟುಂಬಗಳನ್ನು ಇಳಿಸಿ, ದುಡಿಯಬಲ್ಲವರನ್ನು ಒಂದು ಸಾಲಿಗೆ, ಮುದುಕರನ್ನೂ ಮಕ್ಕಳನ್ನೂ ತಾಯಂದಿರನ್ನೂ ಇನ್ನೊಂದು ಸಾಲಿಗೆ ನಿಲ್ಲಿಸುತ್ತಿದ್ದರು. ಎರಡನೆಯ ಸಾಲಿನವರಿಗೆ ಸ್ನಾನಕ್ಕೆ ಎಂದು ಹೇಳಿ ಗ್ಯಾಸ್ ಚೇಂಬರಿಗೆ ಕರೆದೊಯ್ಯುತ್ತಿದ್ದರು. 1943ರಲ್ಲಿ ಬಿರ್ಕೆನಾವ್‌ನಲ್ಲಿ ನಾಲ್ಕು ದೊಡ್ಡ ಕಟ್ಟಡಗಳು ಇದಕ್ಕೆಂದೇ ಸಿದ್ಧವಾದವು. ಅವುಗಳಿಗೆ ಇಂಜಿನಿಯರುಗಳು ನಕ್ಷೆ ಬರೆದರು, ಕಂಪನಿಗಳು ಒಲೆಗಳನ್ನು ಪೂರೈಸಿದವು, ಗುಮಾಸ್ತರು ರೈಲಿನ ವೇಳಾಪಟ್ಟಿ ಹಾಕಿದರು, ವೈದ್ಯರು ಸಾಲುಗಳನ್ನು ಬೇರ್ಪಡಿಸಿದರು. ಎಲ್ಲರೂ ಓದಿದವರು. ಪ್ರತಿಯೊಬ್ಬರೂ ತಮ್ಮ ಪಾಲಿನ ಒಂದು ತುಂಡು ಕೆಲಸ ಮಾಡಿ, ಸಹಿ ಹಾಕಿ, ಸಂಜೆ ಮನೆಗೆ ಹೋದರು.

1943ರ ಕೊನೆಗೆ ಹೋಸ್‌ನನ್ನು ಶಿಬಿರಗಳ ಕೇಂದ್ರ ಕಚೇರಿಗೆ ವರ್ಗ ಮಾಡಿದರು. ಆದರೆ 1944ರ ಮೇ ತಿಂಗಳಲ್ಲಿ ಹಂಗೇರಿಯ ಯೆಹೂದ್ಯರನ್ನು ಸಾಗಿಸುವ ಸಮಯ ಬಂದಾಗ ‘ಅನುಭವಿ’ ಎಂದು ಅವನನ್ನೇ ಮತ್ತೆ ಕರೆಸಿದರು. ಎರಡು ತಿಂಗಳಿಗೂ ಕಡಿಮೆ ಅವಧಿಯಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರನ್ನು ತಂದರು. ಅವರಲ್ಲಿ ಬಹುಪಾಲು ಜನರನ್ನು ಬಂದ ದಿನವೇ ಕೊಂದರು.

ಇತಿಹಾಸಕಾರರ ಲೆಕ್ಕದಂತೆ 1940ರಿಂದ 1945ರವರೆಗೆ ಔಶ್ವಿಟ್ಜ್‌ಗೆ ಒಯ್ದವರು ಸುಮಾರು 13 ಲಕ್ಷ ಮಂದಿ. ಅವರಲ್ಲಿ ಸುಮಾರು 11 ಲಕ್ಷ ಮಂದಿ ಸತ್ತರು. ಸತ್ತವರಲ್ಲಿ ಸುಮಾರು 10 ಲಕ್ಷ ಯೆಹೂದ್ಯರು, 70 ಸಾವಿರಕ್ಕೂ ಹೆಚ್ಚು ಪೋಲೆಂಡಿನವರು, ಸುಮಾರು 21 ಸಾವಿರ ರೋಮಾ ಜನ, ಸುಮಾರು 15 ಸಾವಿರ ಸೋವಿಯತ್ ಯುದ್ಧಕೈದಿಗಳು.

ಗೋಡೆಯ ಈಚೆಗಿನ ಮನೆ

ಇಷ್ಟೆಲ್ಲ ನಡೆಯುವಾಗ ಹೋಸ್‌ನ ಸಂಸಾರ ಎಲ್ಲಿತ್ತು? ಶಿಬಿರದ ಗೋಡೆಗೆ ತಾಗಿದಂತಿದ್ದ ಎರಡಂತಸ್ತಿನ ಮನೆಯಲ್ಲಿ. ಮೊದಲ ಶಿಬಿರದ ಹೆಣ ಸುಡುವ ಕಟ್ಟಡ ಅಲ್ಲಿಗೆ ಕೂಗಳತೆಯ ದೂರ. ತೋಟದಲ್ಲಿ ಹೂವು, ತರಕಾರಿ, ಮಕ್ಕಳಿಗೆ ಆಡಲು ನೀರಿನ ಕೊಳ. ತೋಟ ನೋಡಿಕೊಳ್ಳಲು, ಬಟ್ಟೆ ಹೊಲಿಯಲು ಕೈದಿಗಳು ಬರುತ್ತಿದ್ದರು. ಹೆಂಡತಿಯ ಹೂದೋಟ ಸ್ವರ್ಗದಂತಿತ್ತು ಎಂದು ಹೋಸ್ ಬರೆದಿದ್ದಾನೆ. ಸಂಜೆ ಮಕ್ಕಳೊಂದಿಗೆ ಆಡುತ್ತಿದ್ದ, ಮನಸ್ಸು ಕದಡಿದಾಗ ಲಾಯಕ್ಕೆ ಹೋಗಿ ಕುದುರೆಗಳ ಬಳಿ ನಿಲ್ಲುತ್ತಿದ್ದ. 2023ರಲ್ಲಿ ಬಂದ ‘ದಿ ಝೋನ್ ಆಫ್ ಇಂಟರೆಸ್ಟ್’ ಎಂಬ ಚಲನಚಿತ್ರ ಈ ಮನೆಯ ಕಥೆಯೇ. ಅದಕ್ಕೆ 2024ರಲ್ಲಿ ಆಸ್ಕರ್ ಪ್ರಶಸ್ತಿ ಬಂತು. ದೊಡ್ಡ ತರಗತಿಯವರು ಮನೆಯ ಹಿರಿಯರೊಂದಿಗೆ ಕುಳಿತು ನೋಡಬಹುದು.

ರಾಕ್ಷಸರಿಗೆ ಕೋರೆಹಲ್ಲು, ಕೆಂಪು ಕಣ್ಣು ಇರುತ್ತವೆಂದು ಯಕ್ಷಗಾನದ ಬಣ್ಣದ ವೇಷ ನೋಡಿ ನಾವು ಅಂದುಕೊಂಡಿರುತ್ತೇವೆ. ಹೋಸ್‌ನನ್ನು ದಾರಿಯಲ್ಲಿ ಕಂಡಿದ್ದರೆ ಯಾರಿಗೂ ಗುರುತು ಸಿಗುತ್ತಿರಲಿಲ್ಲ.

ಸೆರೆ ಮತ್ತು ಶಿಕ್ಷೆ

1945ರ ಜನವರಿ 27ರಂದು ಸೋವಿಯತ್ ಸೈನ್ಯ ಔಶ್ವಿಟ್ಜ್ ತಲುಪಿತು. ಜರ್ಮನಿ ಸೋತ ಮೇಲೆ ಹೋಸ್, ಫ್ರಾಂಜ್ ಲಾಂಗ್ ಎಂಬ ಸುಳ್ಳು ಹೆಸರಿನಲ್ಲಿ ಡೆನ್ಮಾರ್ಕ್ ಗಡಿಯ ಬಳಿ ಒಂದು ಹೊಲದಲ್ಲಿ ಕೂಲಿಯಾಳಾಗಿ ಅಡಗಿದ. 1946ರ ಮಾರ್ಚ್ 11ರಂದು ಬ್ರಿಟಿಷ್ ಸೈನಿಕರು ಹಿಡಿದರು. ಆ ತಂಡದ ಮುಂದಾಳು ಹಾನ್ಸ್ ಅಲೆಕ್ಸಾಂಡರ್, ಜರ್ಮನಿಯಿಂದ ಓಡಿಹೋಗಿ ಜೀವ ಉಳಿಸಿಕೊಂಡಿದ್ದ ಯೆಹೂದ್ಯ ಯುವಕ. ಹೋಸ್‌ನ ಮದುವೆಯ ಉಂಗುರದ ಒಳಗಿದ್ದ ಹೆಸರುಗಳೇ ಅವನ ಗುರುತು ಹೇಳಿದವು.

1946ರ ಏಪ್ರಿಲ್ 15ರಂದು ನ್ಯೂರೆಂಬರ್ಗ್ ನ್ಯಾಯಾಲಯದಲ್ಲಿ ಅವನು ನಡೆದದ್ದನ್ನೆಲ್ಲ ಕಚೇರಿ ವರದಿ ಒಪ್ಪಿಸುವಂತೆ ತಣ್ಣಗೆ ಹೇಳಿದ. ಅಲ್ಲಿನ ಮನಶ್ಶಾಸ್ತ್ರಜ್ಞ ಗಿಲ್ಬರ್ಟ್ ಕೇಳಿದ ಪ್ರಶ್ನೆಗಳಿಗೆ ಅವನ ಉತ್ತರದ ಸಾರ ಒಂದೇ: ನಾವು ಯೋಚಿಸುವುದಕ್ಕಲ್ಲ, ಆಜ್ಞೆ ಪಾಲಿಸುವುದಕ್ಕೆ ತಯಾರಾದವರು. ಆದರೆ ಆಜ್ಞೆ ಪಾಲಿಸಿದೆ ಎಂಬ ಕಾರಣ ಮಾತ್ರದಿಂದ ಯಾರೂ ಹೊಣೆಯಿಂದ ಪಾರಾಗಲಾರರು ಎಂದು ಆ ನ್ಯಾಯಾಲಯದ ನಿಯಮಾವಳಿಯಲ್ಲೇ 1945ರಲ್ಲಿ ಬರೆದಿತ್ತು. ಆಜ್ಞೆ ಮೀರಿದ್ದರೆ ಅವನ ಜೀವ ಹೋಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ನಿರಾಯುಧರನ್ನು ಕೊಲ್ಲಲು ಒಪ್ಪದ್ದಕ್ಕೆ ಮರಣದಂಡನೆಯಾದ ಒಬ್ಬ ಎಸ್.ಎಸ್. ಸೈನಿಕನ ಉದಾಹರಣೆಯನ್ನೂ ಯುದ್ಧಾನಂತರದ ವಿಚಾರಣೆಗಳಲ್ಲಿ ಆರೋಪಿಗಳು ತೋರಿಸಲಾಗಲಿಲ್ಲ. ಬಡ್ತಿ ತಪ್ಪುತ್ತಿತ್ತು, ವರ್ಗವಾಗುತ್ತಿತ್ತು, ಹೇಡಿ ಎನ್ನುತ್ತಿದ್ದರು.

ಪೋಲೆಂಡಿನ ನ್ಯಾಯಾಲಯ 1947ರ ಏಪ್ರಿಲ್ 2ರಂದು ಮರಣದಂಡನೆ ವಿಧಿಸಿತು. ಏಪ್ರಿಲ್ 16ರಂದು ಔಶ್ವಿಟ್ಜ್‌ನಲ್ಲೇ, ಆ ಹೆಣ ಸುಡುವ ಕಟ್ಟಡದ ಪಕ್ಕದಲ್ಲೇ ಅವನನ್ನು ಗಲ್ಲಿಗೇರಿಸಿದರು.

ಕೊನೆಯ ದಿನಗಳಲ್ಲಿ ಅವನು ಹಿರಿಯ ಮಗನಿಗೆ ಒಂದು ಪತ್ರ ಬರೆದ. ಸ್ವಂತ ಬುದ್ಧಿಯಿಂದ ಯೋಚಿಸುವುದನ್ನು ಕಲಿ, ಕೇಳಿದ್ದನ್ನೆಲ್ಲ ನಿಜವೆಂದು ಒಪ್ಪಬೇಡ, ಮೇಲಿನಿಂದ ಬಂದದ್ದನ್ನೆಲ್ಲ ಕಣ್ಣು ಮುಚ್ಚಿ ನಂಬಿದ್ದೇ ನನ್ನ ಬದುಕಿನ ಅತಿ ದೊಡ್ಡ ತಪ್ಪು ಎಂಬುದು ಅದರ ಸಾರಾಂಶ. ಹನ್ನೊಂದು ಲಕ್ಷ ಜನ ಸತ್ತ ಮೇಲೆ ತಿಳಿದ ಪಾಠವಿದು. ಅವನ ಪಶ್ಚಾತ್ತಾಪ ಎಷ್ಟು ಆಳವಾಗಿತ್ತೆಂದು ನಾವು ಅಳೆಯಲಾರೆವು. ಆದರೆ ಪಾಠ ಮಾತ್ರ ಸರಿಯಾಗಿದೆ.

‘ಇಲ್ಲ’ ಎಂದವಳು

ಹೋಸ್ ತರಬೇತಿ ಪಡೆದ ದಾಖಾವ್ ಶಿಬಿರಕ್ಕೆ ನಮ್ಮ ಕನ್ನಡ ನಾಡಿನ ನಂಟೊಂದಿದೆ. ನೂರ್ ಇನಾಯತ್ ಖಾನ್ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನ ವಂಶದವಳು. ಹುಟ್ಟಿದ್ದು 1914ರಲ್ಲಿ ಮಾಸ್ಕೋದಲ್ಲಿ, ಬೆಳೆದದ್ದು ಫ್ರಾನ್ಸಿನಲ್ಲಿ. ಮಕ್ಕಳ ಕಥೆ ಬರೆಯುತ್ತಿದ್ದ ಮೆದು ಸ್ವಭಾವದ ಹುಡುಗಿ. 1943ರಲ್ಲಿ ಬ್ರಿಟನ್ನಿನ ರಹಸ್ಯ ಪಡೆಯ ರೇಡಿಯೋ ನಿರ್ವಾಹಕಿಯಾಗಿ ಜರ್ಮನರ ವಶದಲ್ಲಿದ್ದ ಪ್ಯಾರಿಸ್‌ಗೆ ಹೋದಳು. ಸಿಕ್ಕಿಬಿದ್ದಾಗ ತಿಂಗಳುಗಟ್ಟಲೆ ಕೈಕಾಲಿಗೆ ಸಂಕೋಲೆ ಹಾಕಿ ಕೂಡಿಟ್ಟರು. ಜೊತೆಗಾರರ ಗುಟ್ಟು ಬಿಟ್ಟುಕೊಡಲಿಲ್ಲ. 1944ರ ಸೆಪ್ಟೆಂಬರ್ 13ರಂದು ದಾಖಾವ್‌ನಲ್ಲಿ ಗುಂಡಿಕ್ಕಿ ಕೊಂದರು. ಆಗ ಅವಳಿಗೆ ಮೂವತ್ತು ವರ್ಷ. 1949ರಲ್ಲಿ ಬ್ರಿಟನ್ ಅವಳಿಗೆ ಜಾರ್ಜ್ ಕ್ರಾಸ್ ಗೌರವ ನೀಡಿತು.

ಮೆದು ಮನಸ್ಸಿನವನೆಂದು ಕರೆಯಿಸಿಕೊಳ್ಳಲು ಹೆದರಿದವನು ಕೊಲೆಗಾರನಾದ. ಮೆದು ಮನಸ್ಸಿನವಳೆಂದು ಎಲ್ಲರೂ ಬಲ್ಲ ಹುಡುಗಿ ಯಾರಿಗೂ ಬಗ್ಗಲಿಲ್ಲ.

ಹಿಂದಿನ ಬೆಂಚಿನ ಪ್ರಶ್ನೆಗೆ ಉತ್ತರ

ನಾವು ಕುವೈತಿನಲ್ಲಿ ವಾಸಿಸುವವರು. 1990ರ ಆಗಸ್ಟ್ 2ರಂದು ಆರಂಭವಾದ ಆಕ್ರಮಣದ ಏಳು ತಿಂಗಳ ಕಥೆ ನಿಮ್ಮ ಮನೆಯ ಹಿರಿಯರಿಗೆ ಗೊತ್ತು. ಇಲ್ಲಿಂದ ಸೆರೆ ಒಯ್ದ ಸುಮಾರು 600 ಮಂದಿ ಮನೆಗೆ ಮರಳಲಿಲ್ಲ. ಹಲವರ ಅವಶೇಷಗಳು ವರ್ಷಗಳ ನಂತರ ಇರಾಕಿನ ಮರಳಿನಲ್ಲಿ ಸಿಕ್ಕವು. ಅಲ್ಲಿಯೂ ಯಾರೋ ಆಜ್ಞೆ ಕೊಟ್ಟರು, ಯಾರೋ ಪಟ್ಟಿ ಬರೆದರು, ಯಾರೋ ವಾಹನ ಓಡಿಸಿದರು. ಹೋಸ್‌ನ ಕಥೆ ಒಂದು ದೇಶದ್ದು, ಒಂದು ಕಾಲದ್ದು ಎಂದು ನಾವು ತಿಳಿಯಬಾರದು.

ಹಾಗಾದರೆ ದೊಡ್ಡವರ ಮಾತು ಕೇಳಬೇಕೇ, ಬೇಡವೇ? ಕೇಳಬೇಕು. ರಸ್ತೆ ದಾಟುವಾಗ, ಪ್ರಯೋಗಾಲಯದಲ್ಲಿ, ಪಾಠದ ಹೊತ್ತಿನಲ್ಲಿ ಕೇಳಲೇಬೇಕು. ಆದರೆ ಯಾರಾದರೂ ಇನ್ನೊಬ್ಬರನ್ನು ನೋಯಿಸು, ಅವಮಾನಿಸು, ಗುಂಪಿನಿಂದ ಹೊರಹಾಕು ಎಂದಾಗ ಒಂದು ಕ್ಷಣ ನಿಲ್ಲಿ. ‘ಯಾಕೆ?’ ಎಂದು ಕೇಳಿ. ಹೇಳಿದವರು ಗೆಳೆಯರಿರಲಿ, ನಾಯಕರಿರಲಿ, ನಾವೇ ಇರಲಿ, ಕೇಳಿ. ಆ ದಿನ ಪ್ರಶ್ನೆ ಕೇಳಿದ ಹುಡುಗನನ್ನು ಅಧಿಕಪ್ರಸಂಗಿ ಎಂದು ಗದರಿಸಲು ನಮಗೂ ಬಾಯಿ ಬಂದಿತ್ತು. ಗದರಿಸದೆ ಇದ್ದದ್ದು ಒಳ್ಳೆಯದಾಯಿತು. ದಾಖಾವ್‌ನಲ್ಲಿ ಹೋಸ್ ಕೇಳದೆ ಬಿಟ್ಟ ಪ್ರಶ್ನೆಯೂ ಅಂಥದ್ದೇ.

ಪ್ರತಿ ವರ್ಷ ಜನವರಿ 26ರಂದು ನಾವು ಗಣರಾಜ್ಯೋತ್ಸವ ಆಚರಿಸಿ ಸಿಹಿ ಹಂಚುತ್ತೇವೆ. ಮರುದಿನ, ಜನವರಿ 27, ಔಶ್ವಿಟ್ಜ್ ಬಿಡುಗಡೆಯಾದ ದಿನ. 2005ರಲ್ಲಿ ವಿಶ್ವಸಂಸ್ಥೆ ಅದನ್ನು ಸ್ಮರಣೆಯ ದಿನವೆಂದು ಸಾರಿತು. ಈ ಸಲ ಆ ದಿನ ಪ್ರಾರ್ಥನೆಯ ಬಳಿಕ ಒಂದು ನಿಮಿಷ ಮೌನವಾಗಿ ನಿಲ್ಲೋಣ. ಹೆಸರಿಲ್ಲದೆ ಹೋದವರನ್ನು, ಮೆಸಪೊಟೇಮಿಯದಲ್ಲಿ ಹೋಸ್‌ನ ಮೊದಲ ಗುಂಡಿಗೆ ಬಿದ್ದ ಆ ನಮ್ಮ ಸಿಪಾಯಿಯನ್ನೂ ಸೇರಿಸಿ ನೆನೆಯೋಣ.

ಯೋಚಿಸಿ, ಬರೆಯಿರಿ

1. ಹೋಸ್‌ನ ಬದುಕಿನಲ್ಲಿ ಅವನು ಬೇರೆ ದಾರಿ ಹಿಡಿಯಬಹುದಾಗಿದ್ದ ಎರಡು ಸಂದರ್ಭಗಳನ್ನು ಗುರುತಿಸಿ.

2. ಔಶ್ವಿಟ್ಜ್ ನಡೆಯಲು ಹೋಸ್ ಅಲ್ಲದೆ ಇನ್ನಾರ ಕೆಲಸ ಬೇಕಾಯಿತು? ಅವರ ಹೊಣೆ ಎಷ್ಟು?

3. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಈ ಗಾದೆಯನ್ನು ನೂರ್ ಇನಾಯತ್ ಖಾನಳ ಬದುಕಿನ ಹಿನ್ನೆಲೆಯಲ್ಲಿ ಚರ್ಚಿಸಿ.

4. ನಿಮ್ಮ ತರಗತಿಯಲ್ಲಿ ಒಬ್ಬರನ್ನು ಎಲ್ಲರೂ ಸೇರಿ ಹೀಯಾಳಿಸುತ್ತಿದ್ದರೆ ನೀವು ಏನು ಮಾಡುವಿರಿ? ಪ್ರಾಮಾಣಿಕವಾಗಿ ಬರೆಯಿರಿ. ಇದಕ್ಕೆ ಅಂಕಗಳಿಲ್ಲ.